ಚೋರ್ಲಾ ಘಾಟಿ ದಾಟುವ ಉಣುಗು

ನಮ್ಮ ಪ್ರಶ್ನಾವಳಿಯ ಹನ್ನೊಂದನೇ ಸಾಲಿನಲ್ಲಿ ‘ಕಳೆದ ಹದಿನೈದು ದಿನಗಳಲ್ಲಿ ನಿಮಗೆ ಕೀಟ ಕಡಿದಿದೆಯೇ?’ ಎಂದಿತ್ತು. ಗೋವಾದ ಸತ್ತರಿ ತಾಲೂಕಿನಲ್ಲಿ, ವಾಳಪೈ ಹತ್ತಿರದ ಒಂದು ಗೇರು ತೋಟ. ಮಾರ್ಚ್ ತಿಂಗಳು, ಬೆಳಗ್ಗೆ ಹತ್ತೂವರೆ. ಪುಣೆಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ, ಮರಾಠಿಗೆ ತಿರುಗಿ, ಅಲ್ಲಿಂದ ಕೊಂಕಣಿಗೆ ಹೊರಳಿದ ಪ್ರಶ್ನೆ ಅದು. ಹಣ್ಣು ಹೆಕ್ಕಲು ಬಂದವರು ಕಿತ್ತೂರು ಕಡೆಯ ಹೆಂಗಸರು, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ಪಶುವೈದ್ಯನೆಂದು ಯೋಜನೆಗೆ ಸೇರಿಸಿಕೊಂಡಿದ್ದ ನನ್ನನ್ನು ಆ ದಿನ ಜೀಪಿಗೆ ಹತ್ತಿಸಿಕೊಂಡದ್ದು ಮಾತ್ರ ದುಭಾಷಿಯೆಂದು.

ಹದಿನಾಲ್ಕು ಜನರನ್ನು ಕೇಳಿದೆ. ಹದಿನಾಲ್ಕೂ ಜನ ‘ಇಲ್ಲರೀ’ ಎಂದರು. ಹದಿನಾಲ್ಕು ಸಲ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಬಿತ್ತು. ಪೆನ್ನು ಜೇಬಿಗೆ ಇಡುವಾಗ ಸುಮ್ಮನೆ ಬಾಯಿಗೆ ಬಂತು: “ಉಣ್ಣಿ ಹತ್ತತಾವೇನ್ರಿ ಇಲ್ಲಿ?”

ಒಬ್ಬಾಕೆ ನಕ್ಕಳು. “ಉಣ್ಣಿ ಕೇಳಾಕತ್ತೀರೇನ್ರೀ? ಕೀಟಾ ಅಂದ್ರ ನಾವೇನೋ ಅಂತ ತಿಳ್ಕೊಂಡ್ವಿ. ಉಣ್ಣಿ ದಿನಾ ಕಿತ್ತ ಒಗಿತೀವಲ್ರಿ.” ಸೀರೆಯ ಅಂಚನ್ನು ಪಾದದಿಂದ ಒಂದು ಗೇಣು ಮೇಲೆತ್ತಿ ತೋರಿಸಿದಳು. ಕಣಕಾಲಿನ ಸುತ್ತ ರಾಗಿ ಕಾಳಿನಷ್ಟು ಕೆಂಪು ಗುಳ್ಳೆಗಳ ಸಾಲು, ಒಂದೆರಡು ಕೆರೆದು ಕೆರೆದು ಕಪ್ಪಾಗಿದ್ದವು. ಆ ದಿನದ ಹದಿನಾಲ್ಕೂ ಹಾಳೆಗಳನ್ನು ಹರಿದು ಮತ್ತೆ ಬರೆದೆವು.

ಸಾಗರದ ಕಡೆಯ ನಾನು ‘ಉಣುಗು’ ಎಂದು ಕೇಳಿ ಬೆಳೆದವನು. ಬೆಳಗಾವಿ ಸೀಮೆಯಲ್ಲಿ ಅದು ಉಣ್ಣಿ, ಮರಾಠಿಯಲ್ಲಿ ಗೋಚೀಡ. ಅದು ತರುವ ಜ್ವರ ನಮಗೆ ಮಂಗನ ಕಾಯಿಲೆ, ಗಡಿಯಾಚೆ ‘ಮಾಕಡತಾಪ’, ಕಡತಗಳಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆ.ಎಫ್.ಡಿ. ಮನುಷ್ಯರಿಗೂ ಪ್ರಾಣಿಗಳಿಗೂ ಪಾಲು ಇರುವ ರೋಗಗಳ ಮೇಲೆ ಈಗ ‘ಒನ್ ಹೆಲ್ತ್’ ಎಂಬ ಹೆಸರಿನಲ್ಲಿ ದೊಡ್ಡ ಮಾತು ನಡೆಯುತ್ತಿದೆ. ಸರ್ಕಾರಿ ಕನ್ನಡದಲ್ಲಿ ಅದು ‘ಏಕ ಆರೋಗ್ಯ’. ಜಿನೀವಾದಿಂದ ನಾಗಪುರದವರೆಗೆ ಸಭೆಗಳು, ಕಾರ್ಯಯೋಜನೆಗಳು. ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದು ನನಗೆ ಕಂಡಿರುವ ತೊಡಕು ಬೇರೆ. ವೈರಾಣುವಿನ ಬಗ್ಗೆ ನಮಗೆ ಗೊತ್ತಿರುವುದು ಸಾಕಷ್ಟಿದೆ. ಅದು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುವ ಸಂದಿನಲ್ಲಿ ನಿಲ್ಲಲು ನಾವು ಯಾರಿಗೂ ಸಂಬಳ ಕೊಟ್ಟಿಲ್ಲ.

ಗೇರು ತೋಟದ ಕಥೆಯನ್ನೇ ಪೂರ್ತಿ ಹೇಳುತ್ತೇನೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಬಹಳ ವರ್ಷ ಅದು ಮಲೆನಾಡಿನ ಪಾಡು ಎಂದೇ ಎಲ್ಲರೂ ಅಂದುಕೊಂಡಿದ್ದರು. 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡಿನಲ್ಲಿ ಕಾಣಿಸಿತು. 2015ರಲ್ಲಿ ಸತ್ತರಿ ತಾಲೂಕಿಗೆ ಬಂತು, ಮರುವರ್ಷ ಪಕ್ಕದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗಕ್ಕೆ. ಬಂತು ಅನ್ನುವುದಕ್ಕಿಂತ ನಾವು ನೋಡಿದ್ದು ಆಗ ಅನ್ನುವುದು ಸರಿ ಇರಬಹುದು. ಪಶ್ಚಿಮ ಘಟ್ಟ ಒಂದೇ ಬೆನ್ನು. ಅದರ ಮೇಲಿನ ಗೆರೆಗಳು ನಮ್ಮವು.

ರೋಗದ ಕಾಲ ಡಿಸೆಂಬರಿನಿಂದ ಮೇ ತನಕ. ಮಳೆ ನಿಂತು ಎಲೆ ಉದುರಿದ ಮೇಲೆ ಉಣುಗಿನ ಮರಿಗಳು ತರಗೆಲೆಯ ಮೇಲೆ ಏರಿ, ದಾಟುವ ಕಾಲಿಗಾಗಿ ಕಾಯುತ್ತವೆ. ಗೇರಿನ ಸುಗ್ಗಿ ಫೆಬ್ರವರಿಯಿಂದ ಮೇ. ಗೋವಾದಲ್ಲಿ ಗೇರು ಹಣ್ಣನ್ನು ಮರದಿಂದ ಕೀಳುವುದಿಲ್ಲ, ಕಳಿತು ತಾನೇ ಬಿದ್ದದ್ದನ್ನು ಹೆಕ್ಕುತ್ತಾರೆ. ಬೀಜ ತಿರುಪಿ ತೆಗೆದು ಬುಟ್ಟಿಗೆ, ಹಣ್ಣು ಉರ್ರಾಕ್ ಮತ್ತು ಫೆನ್ನಿ ಇಳಿಸುವ ಭಟ್ಟಿಗೆ. ಹಾಗಾಗಿ ದಿನಕ್ಕೆ ಎಂಟು ತಾಸು ತರಗೆಲೆಯಲ್ಲಿ ಬಗ್ಗಿ ನಡೆಯುವ ಕೆಲಸ ಅದು, ಬರಿಗಾಲಲ್ಲಿ ಅಥವಾ ಹವಾಯಿ ಚಪ್ಪಲಿಯಲ್ಲಿ. ಉಣುಗಿಗೆ ಇದಕ್ಕಿಂತ ಹೇಳಿ ಮಾಡಿಸಿದ ಉದ್ಯೋಗ ಇನ್ನೊಂದಿಲ್ಲ.

2016ರಲ್ಲಿ ಹೀಗೆ ಸತ್ತರಿಯ ಗೇರು ತೋಟಗಳಿಗೆ ಹೋಗಿದ್ದ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಕಡಿತಕ್ಕೂ ಜ್ವರಕ್ಕೂ ನಡುವೆ ಮೂರರಿಂದ ಎಂಟು ದಿನ ಅಂತರ. ಅಷ್ಟರಲ್ಲಿ ವಾರದ ಕೂಲಿ ಕೈಗೆ ಬಂದಿರುತ್ತದೆ, ಊರಿನಲ್ಲಿ ಜಾತ್ರೆಯೋ ಮದುವೆಯೋ ಇರುತ್ತದೆ. ಟೆಂಪೋ ಹತ್ತಿ ಚೋರ್ಲಾ ಘಾಟಿ ಏರಿದರೆ ಸಂಜೆಗೆ ಮನೆ. ಉಣ್ಣಿ ಕಡಿದದ್ದು ಗೋವಾದಲ್ಲಿ, ಜ್ವರ ಏರಿದ್ದು ಕರ್ನಾಟಕದಲ್ಲಿ. ಅಲ್ಲಿನ ದವಾಖಾನೆಯಲ್ಲಿ ಹಠಾತ್ ಜ್ವರ, ತಲೆ ಸಿಡಿತ, ಮೈಕೈ ನೋವು ಅಂದರೆ ಯಾರ ತಲೆಗೂ ಮೊದಲು ಬರುವುದು ಡೆಂಗಿ ಇಲ್ಲವೇ ಟೈಫಾಯ್ಡ್. ಬೆಳಗಾವಿಯ ಬಯಲಿನ ವೈದ್ಯರು ಮಂಗನ ಕಾಯಿಲೆಯನ್ನು ಯಾಕೆ ನೆನೆಯಬೇಕು? ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ ಎಂಬುದೊಂದು ಸಮಾಧಾನ. ಆದರೆ ಹಿಡಿದ ನೂರು ಜನರಲ್ಲಿ ಮೂರರಿಂದ ಐವರನ್ನು ಕೊಂಡೊಯ್ಯುತ್ತದೆ.

ನಮ್ಮ ಹಾಳೆಯಲ್ಲಿ ವಿಳಾಸಕ್ಕೆ ಒಂದೇ ಚೌಕ ಇತ್ತು. ತೋಟದ ವಿಳಾಸ ಬರೆದರೆ ಕಿತ್ತೂರು ಅಳಿಯಿತು, ಕಿತ್ತೂರು ಬರೆದರೆ ತೋಟ ಅಳಿಯಿತು. ಇಬ್ಬರು ಕ್ಷೇತ್ರ ಸಹಾಯಕರು ಎರಡು ರೀತಿ ತುಂಬಿದ್ದರಿಂದ ಕೊನೆಗೆ ನಕ್ಷೆಯಲ್ಲಿ ಅರ್ಧ ಚುಕ್ಕೆಗಳು ಘಟ್ಟದ ಕೆಳಗೆ, ಅರ್ಧ ಬಯಲುಸೀಮೆಯಲ್ಲಿ ಬಿದ್ದವು. ಪುಣೆಯ ಕಚೇರಿಯಲ್ಲಿ ಪರದೆಯ ಮೇಲೆ ಆ ನಕ್ಷೆ ನೋಡಿದ ಹಿರಿಯರೊಬ್ಬರು, ರೋಗ ಬಯಲಿಗೆ ಹೊಸದಾಗಿ ನೆಗೆದಿದೆ ಎಂದು ಗಾಬರಿಬಿದ್ದರು. ನೆಗೆದದ್ದು ಉಣುಗಲ್ಲ, ಟೆಂಪೋ.

ಲಸಿಕೆಯ ಕಥೆಯೂ ಇದೇ ಜಾಡಿನದು. ಬೆಂಗಳೂರಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ಕಾಯಿಲೆ ಕಂಡ ಹಳ್ಳಿಯ ಸುತ್ತ ಐದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕೊಡುತ್ತಿದ್ದರು. 2005ರಿಂದ 2010ರವರೆಗಿನ ಕರ್ನಾಟಕದ ಅಂಕಿಗಳನ್ನು ಕೂಡಿಸಿ ನೋಡಿದಾಗ ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಶೇ 62ರಷ್ಟು, ಬೂಸ್ಟರ್ ತೆಗೆದುಕೊಂಡರೆ ಶೇ 83ರಷ್ಟು. ಸೂಜಿ ಚುಚ್ಚಿದರೆ ತೋಳು ಉರಿಯುತ್ತಿತ್ತು. ನಮ್ಮಮ್ಮ ಮೊದಲನೆಯದರ ನಂತರ ಎರಡನೆಯದಕ್ಕೆ ಹೋಗಲೇ ಇಲ್ಲ, ಊರಿನ ಅರ್ಧ ಜನವೂ ಹೋಗಲಿಲ್ಲ. 2022ರಲ್ಲಿ ಅದನ್ನು ಕೈಬಿಟ್ಟರು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., ಮತ್ತು ಲಸಿಕಾ ಕಂಪನಿ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ನಡೆಸುತ್ತಿವೆ. ಅದು ಬಂದಾಗಲೂ ನನ್ನ ಪ್ರಶ್ನೆ ಹಾಗೇ ಇರುತ್ತದೆ. ಐದು ಕಿಲೋಮೀಟರ್ ವೃತ್ತವನ್ನು ಯಾರ ಮನೆಯ ಸುತ್ತ ಎಳೆಯುತ್ತೀರಿ? ವರ್ಷದಲ್ಲಿ ಮೂರು ತಿಂಗಳು ತೋಟದ ಶೆಡ್ಡಿನಲ್ಲಿ ಮಲಗುವ ಕಿತ್ತೂರಿನ ಹೆಂಗಸು ಯಾವ ವೃತ್ತದೊಳಗೂ ಬರುವುದಿಲ್ಲ.

ಮಂಗ ಸತ್ತರೆ ಏನಾಗುತ್ತದೆ ಎಂಬುದನ್ನೂ ನೋಡಿ. ಮಂಗ, ಅದರಲ್ಲೂ ಕಪ್ಪು ಮೋರೆಯ ಮುಸಿಯ, ಈ ರೋಗಕ್ಕೆ ಬೇಗ ಬಲಿಯಾಗುತ್ತದೆ. ಹೆಣ ತಣ್ಣಗಾಗುತ್ತಿದ್ದಂತೆ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲಕ್ಕೆ ಹರಡುತ್ತವೆ. ಆ ಜಾಗದ ಸುತ್ತ 50 ಅಡಿಯಷ್ಟು ಮೆಲಾಥಿಯಾನ್ ಪುಡಿ ಎರಚಬೇಕು, ಹೆಣ ಸುಡಬೇಕು, ಅದಕ್ಕೂ ಮೊದಲು ಮಾದರಿ ತೆಗೆಯಬೇಕು. ಮಂಗ ಅರಣ್ಯ ಇಲಾಖೆಯದು. ಮರಣೋತ್ತರ ಪರೀಕ್ಷೆ ಪಶುಸಂಗೋಪನೆಯದು. ಪುಡಿ ಆರೋಗ್ಯ ಇಲಾಖೆಯದು. ಕಟ್ಟಿಗೆ ಮತ್ತು ಆಳು ಪಂಚಾಯತಿಯದು. ಉಣುಗು ಮಾತ್ರ ಯಾರದೂ ಅಲ್ಲ. ನಾಲ್ವರೂ ಒಂದೇ ಮಧ್ಯಾಹ್ನ ಒಂದೇ ಮರದ ಕೆಳಗೆ ಸೇರಿದ್ದನ್ನು ನಾನು ಇಷ್ಟು ವರ್ಷದಲ್ಲಿ ಎರಡು ಸಲ ಕಂಡಿದ್ದೇನೆ. ಎರಡೂ ಸಲ ಅವರನ್ನು ಸೇರಿಸಿದ್ದು ಸುತ್ತೋಲೆಯಲ್ಲ. ಎಲ್ಲರ ಮೊಬೈಲ್ ನಂಬರನ್ನೂ ಬಾಯಿಪಾಠ ಇಟ್ಟುಕೊಂಡಿದ್ದ ಒಬ್ಬ ಆಶಾ ಕಾರ್ಯಕರ್ತೆ.

ಪುಣೆಗೂ ಈ ರೋಗಕ್ಕೂ ಹುಟ್ಟಿನ ನಂಟು. ಇಲ್ಲಿ 1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಐ.ಸಿ.ಎಂ.ಆರ್. ಕೂಡಿ ವೈರಸ್ ಸಂಶೋಧನಾ ಕೇಂದ್ರ ತೆರೆದವು. ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಎನ್.ಐ.ವಿ., ಅದೇ. ಕ್ಯಾಸನೂರಿನಲ್ಲಿ ಮಂಗಗಳು ಬೀಳುತ್ತಿವೆ ಎಂಬ ಸುದ್ದಿ ಬಂದಾಗ ಎಲ್ಲರ ಎದೆ ನಡುಗಿಸಿದ್ದು ಹಳದಿ ಜ್ವರದ ಭಯ. ಆಫ್ರಿಕ, ದಕ್ಷಿಣ ಅಮೆರಿಕಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ರೋಗ ಏಷ್ಯಕ್ಕೆ ಕಾಲಿಟ್ಟಿತೇ? ಪುಣೆಯಿಂದ ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ತಂಡ ಹೋಗಿ ವೈರಾಣುವನ್ನು ಬೇರ್ಪಡಿಸಿತು. ಹಳದಿ ಜ್ವರ ಅಲ್ಲ. ಆದರೆ ಸಿಕ್ಕಿದ್ದು ರಷ್ಯದ ಕಾಡುಗಳ ಉಣುಗು ಜ್ವರದ ಹತ್ತಿರದ ಬಂಧು. ಶೀತಲ ಸಮರದ ನಡುವೆ ಸೈಬೀರಿಯದ ಬಂಧು ಸೊರಬದಲ್ಲಿ!

ವಲಸೆ ಹಕ್ಕಿಗಳು ತಂದಿರಬಹುದು ಎಂಬ ಅನುಮಾನ ಹುಟ್ಟಿತು. ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಹಚ್ಚಿಕೊಂಡರು. ಆ ಅನುಮಾನ ಸಾಬೀತಾಗಲಿಲ್ಲ. ಆದರೆ ನಮ್ಮ ಹಕ್ಕಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬ ತಿಳಿವಳಿಕೆಯ ಬಹುಪಾಲು ಆ ಉಂಗುರಗಳಿಂದಲೇ ಬಂತು. ನಮ್ಮೂರಿನ ಜ್ವರದಿಂದ ಹಕ್ಕಿಶಾಸ್ತ್ರಕ್ಕೆ ಲಾಭ. ಆಮೇಲೆ ಈ ಕೆಲಸಕ್ಕೆ ಅಮೆರಿಕದ ಸೇನೆಯ ಹಣವೂ ಬಂದಿತ್ತೆಂಬುದು 70ರ ದಶಕದ ನಡುವೆ ಸಂಸತ್ತಿನವರೆಗೆ ಹೋಗಿ ದೊಡ್ಡ ರಂಪವಾಯಿತು. ಹಕ್ಕಿಯ ಹಾದಿ ಗೊತ್ತಿದ್ದವನಿಗೆ ರೋಗ ಹರಡುವ ಹಾದಿಯೂ ಗೊತ್ತಾಗುತ್ತದಲ್ಲ, ಅದು ಯುದ್ಧಕ್ಕೆ ಬಳಕೆಯಾದರೆ? ಅದೇ ಹೊತ್ತಿನಲ್ಲಿ ದಿಲ್ಲಿಯ ಸೊಳ್ಳೆ ನಿಯಂತ್ರಣ ಸಂಶೋಧನಾ ಘಟಕವೊಂದು ಇಂಥದೇ ಗುಮಾನಿಯಲ್ಲಿ ಸಿಕ್ಕಿ ಮುಚ್ಚಿತು.

ಈ ಹಳೆಯ ಕಥೆ ಯಾಕೆ ಎತ್ತಿದೆನೆಂದರೆ, ಆ ಗುಮಾನಿ ಸತ್ತಿಲ್ಲ, ಹೊಸ ಅಂಗಿ ತೊಟ್ಟಿದೆ. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿತು. ಮನುಷ್ಯ, ಪ್ರಾಣಿ, ಪರಿಸರ ಮೂರನ್ನೂ ಕೂಡಿಸಿ ನೋಡಬೇಕು ಎಂಬ ಮಾತು ಅದರಲ್ಲಿದೆ. ಆ ಮಾತಿಗೆ ಒಪ್ಪುವುದು ಸುಲಭ. ಕಗ್ಗಂಟಾದದ್ದು, ರೋಗಾಣುವಿನ ಮಾದರಿ ಕೊಟ್ಟವರಿಗೆ ಬದಲಿಗೆ ಏನು ಸಿಗಬೇಕು ಎಂಬುದು. ಸತ್ತರಿಯ ಉಣುಗಿನಿಂದ ತೆಗೆದ ವೈರಾಣುವಿನ ವಂಶಾವಳಿ ಎಲ್ಲೋ ಒಂದು ಕಂಪನಿಯ ಲಸಿಕೆಯಾದರೆ ಸತ್ತರಿಗೆ ಆ ಲಸಿಕೆ ಸಿಗುತ್ತದೆಯೇ, ಯಾವ ಬೆಲೆಗೆ? ಒಪ್ಪಂದ ಅಂಗೀಕಾರವಾದ ದಿನವೂ ಅದರ ಅನುಬಂಧದ ಚೌಕಾಸಿ ಬಾಕಿ ಇತ್ತು. ಬಡ ದೇಶಗಳು ಹಠ ಹಿಡಿದದ್ದನ್ನು ತಪ್ಪೆನ್ನಲು ನನ್ನಿಂದಾಗದು. ಕೋವಿಡ್ ಲಸಿಕೆಗೆ ಯಾರು ಮೊದಲು ತೋಳು ಚಾಚಿದರು, ಯಾರು ಬಾಗಿಲಲ್ಲಿ ಕಾದರು ಎಂಬುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಚೌಕಾಸಿ ಮುಗಿಯುವವರೆಗೆ ಮಾದರಿಗಳು ಫ್ರೀಜರಿನಲ್ಲಿ ಕೂರುವುದನ್ನೂ ನಾನೇ ನೋಡಿದವನು. ಸರಹದ್ದು ದಾಟಲು ಅನುಮತಿ ಬರುವಷ್ಟರಲ್ಲಿ ಆ ಸುಗ್ಗಿ ಮುಗಿದು, ಮಳೆ ಬಂದು, ಉಣುಗುಗಳೂ ಮಾಯ.

ಊರಿಗೆ ಹೋದಾಗ ಮಾವ ಕೇಳುತ್ತಾರೆ: “ಅಂತರರಾಷ್ಟ್ರೀಯ ಆರೋಗ್ಯ ಅಂತೀಯಲ್ಲ, ಯಾವ ದೇಶಕ್ಕೆ ಹೋಗಿದ್ದೆ ಮಾರಾಯ?” ವಾಳಪೈಗೆ ಅಂದರೆ ಅವರಿಗೆ ನಗು. ಕೆಲಸ ಇರುವುದೇ ಹಾಗೆ. ಒಂದು ಮೀಟರ್ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ನಿಧಾನ ಎಳೆಯುವುದು. ಹತ್ತು ಹೆಜ್ಜೆಗೊಮ್ಮೆ ಬಟ್ಟೆ ತಿರುವಿ, ಅಂಟಿದ ಚುಕ್ಕೆಗಳಲ್ಲಿ ಮಣ್ಣು ಯಾವುದು, ಕಾಲಾಡಿಸುವುದು ಯಾವುದು ಎಂದು ಕಣ್ಣು ಕಿರಿದಾಗಿಸಿ ನೋಡಿ, ಚಿಮಟದಲ್ಲಿ ಎತ್ತಿ ಸೀಸೆಗೆ ಹಾಕುವುದು. ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಸಂಜೆ ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ. ಈ ಕೆಲಸ ಮಾಡುವವರು ಹೆಚ್ಚಾಗಿ ಹನ್ನೊಂದು ತಿಂಗಳ ಗುತ್ತಿಗೆಯವರು. ಹನ್ನೆರಡನೇ ತಿಂಗಳಿಗೆ ಉಣುಗು ಹಿಡಿಯಲು ಬಲ್ಲ ಕಣ್ಣು ಇನ್ನೆಲ್ಲೋ ಕೋರಿಯರ್ ಹಂಚುತ್ತಿರುತ್ತದೆ.

ದೊಡ್ಡ ಹಣ ಬರುವುದಿಲ್ಲ ಎಂದಲ್ಲ. ವಿಶ್ವಬ್ಯಾಂಕಿನ ಆಶ್ರಯದ ಪ್ಯಾಂಡೆಮಿಕ್ ಫಂಡಿನಿಂದ ಭಾರತದ ಪಶು ಆರೋಗ್ಯ ವ್ಯವಸ್ಥೆಗೆ 2.5 ಕೋಟಿ ಡಾಲರ್ ಸಿಕ್ಕಿದೆ. ನಾಗಪುರದಲ್ಲಿ ರಾಷ್ಟ್ರೀಯ ಏಕ ಆರೋಗ್ಯ ಸಂಸ್ಥೆಗೆ 2022ರ ಡಿಸೆಂಬರಿನಲ್ಲಿ ಅಡಿಗಲ್ಲು ಬಿತ್ತು. ಪುಣೆಯ ಪಾಷಾಣ ಬಡಾವಣೆಯಲ್ಲಿ ಎನ್.ಐ.ವಿ.ಯ ನಾಲ್ಕನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಇದೆ, ದೇಶದಲ್ಲೇ ಮೊದಲನೆಯದು. ಅಲ್ಲಿಯ ವಿಜ್ಞಾನಿಗಳು ಮಹಾಬಳೇಶ್ವರದ ಗುಹೆಯ ಬಾವಲಿಗಳಲ್ಲಿ ನಿಫಾ ವೈರಾಣುವಿನ ಕುರುಹು ಕಂಡದ್ದು ಈ ಸಾಮರ್ಥ್ಯದಿಂದಲೇ. ಆದರೆ ಕಟ್ಟಡಕ್ಕೆ ಅಡಿಗಲ್ಲು ಹಾಕಬಹುದು, ಹುದ್ದೆಗೆ ಹಾಕಲಾಗದು. ಇನ್ನೊಂದು ಕಡೆ, 2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯನ್ನು ಬಿಡುವುದಾಗಿ ಸಾರಿತು, ಅದೇ ದಿನ ವಿದೇಶಿ ನೆರವಿಗೆ ತಡೆ ಹಾಕಿತು, ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಸಂಸ್ಥೆ ಯು.ಎಸ್.ಏಡ್ ಬಾಗಿಲೇ ಮುಚ್ಚಿತು. ಬಾವಲಿ, ಕೋಳಿ, ಒಂಟೆಗಳ ಬಳಿ ರೋಗ ಹುಡುಕುತ್ತಿದ್ದ ಎಷ್ಟೋ ದೇಶಗಳ ತಂಡಗಳಿಗೆ ಅದರದೇ ಆಸರೆ. ಅದಕ್ಕೆ ಎಷ್ಟೋ ಮೊದಲು, ಬೇರೆಯದೇ ದಾನಿಗಳ ಯೋಜನೆಯೊಂದು ಅರ್ಧಕ್ಕೆ ನಿಂತಾಗ ನಾನು ಅದರಲ್ಲಿದ್ದೆ. ಶುಕ್ರವಾರ ಸಂಜೆ ಒಂದು ಇಮೇಲ್, ಸೋಮವಾರ ಫ್ರೀಜರಿನ ಕೀಲಿ ಒಪ್ಪಿಸಬೇಕು. ಮೂರು ವರ್ಷ ನಮಗೆ ಮಂಗ ಬಿದ್ದ ಸುದ್ದಿ ಕೊಡುತ್ತಿದ್ದ ಹಳ್ಳಿಯವರಿಗೆ ಯಾರೂ ಏನೂ ಹೇಳಲಿಲ್ಲ. ಅವರು ಇನ್ನೂ ಎರಡು ವರ್ಷ ನನ್ನ ಸ್ವಂತ ನಂಬರಿಗೆ ಫೋನು ಮಾಡುತ್ತಿದ್ದರು.

ಕೆಲಸ ಸರಿಯಾಗಿ ನಡೆದ ಉದಾಹರಣೆಯೂ ಗೋವಾದಲ್ಲೇ ಇದೆ. ರೇಬಿಸ್. ಮಿಷನ್ ರೇಬಿಸ್ ಎಂಬ ಸಂಸ್ಥೆ 2013ರಿಂದ ಗೋವಾ ಸರ್ಕಾರದ ಜೊತೆ ಸೇರಿ ನಾಯಿಗಳಿಗೆ ಲಸಿಕೆ ಹಾಕಲು ಹೊರಟಿತು. ಬೀದಿಯ ಎರಡು ತುದಿಯಲ್ಲಿ ಬಲೆ ಹಿಡಿದ ಹುಡುಗರು, ನಡುವೆ ಸೂಜಿ ಹಿಡಿದವರು. ಲಸಿಕೆಯಾದ ನಾಯಿಗೆ ಬಣ್ಣದ ಗುರುತು, ಫೋನಿನ ನಕ್ಷೆಯಲ್ಲಿ ಒಂದು ಚುಕ್ಕೆ. ನಾಳೆ ಯಾವ ಕೇರಿಗೆ ಹೋಗಬೇಕೆಂದು ಆ ನಕ್ಷೆಯೇ ಹೇಳುತ್ತದೆ. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಮುಟ್ಟಿದರೆ ರೇಬಿಸ್‌ನ ಸರಪಳಿ ಕಡಿಯುತ್ತದೆ ಎಂಬುದು ಲೆಕ್ಕ. ವರ್ಷಕ್ಕೆ 95 ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಹಾಕುವ ಮಟ್ಟ ಮುಟ್ಟಿ, ನಾಯಿಗಳಲ್ಲಿನ ಪ್ರಕರಣ ಶೇ 92ರಷ್ಟು ಇಳಿಯಿತು. 2018, 2019ರಲ್ಲಿ ಗೋವಾದಲ್ಲಿ ರೇಬಿಸ್‌ನಿಂದ ಮನುಷ್ಯರು ಸಾಯಲಿಲ್ಲ. 2021ರಲ್ಲಿ ತಾನು ರೇಬಿಸ್ ನಿಯಂತ್ರಿತ ರಾಜ್ಯ ಎಂದು ಸಾರಿಕೊಂಡಿತು.

ಇದರಲ್ಲಿ ಚಮತ್ಕಾರವೇನೂ ಇಲ್ಲ. ಸೂಜಿ ಹಾಕಬೇಕಾದ ಪ್ರಾಣಿ ಒಂದೇ. ಒಳ್ಳೆಯ ಲಸಿಕೆ ಮೊದಲೇ ಇತ್ತು. ಹಣ ವರ್ಷಾನುವರ್ಷ ಬಂತು. ಎಲ್ಲಕ್ಕಿಂತ ಮುಖ್ಯ, ಬಲೆ ಬೀಸುವುದೇ ಕೆಲವರ ನಿತ್ಯದ ಕೆಲಸವಾಗಿತ್ತು, ಇನ್ನೊಂದು ಕೆಲಸದ ನಡುವೆ ತುರುಕಿದ್ದಲ್ಲ. 2025ರ ಆಗಸ್ಟಿನಲ್ಲಿ ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿ, ಹನ್ನೊಂದೇ ದಿನಕ್ಕೆ ಅದನ್ನು ತಿದ್ದಿದಾಗ ದೇಶವೆಲ್ಲ ನಾಯಿ ಪರ, ನಾಯಿ ವಿರೋಧ ಎಂದು ಕಚ್ಚಾಡಿತು. ಘಟ್ಟದ ಕೆಳಗೆ ಗೋವಾದಲ್ಲೇ ಲೆಕ್ಕ ಬಿಡಿಸಿಟ್ಟ ಉತ್ತರ ಇರುವಾಗ ಬೆಳಗಾವಿಯಲ್ಲೂ ಅದೇ ಜಗಳ ಕೇಳಿ ನನಗೆ ಬೇಸರವಾಯಿತು. ಗೋವಾದ ಉತ್ತರಕ್ಕೂ ಒಂದು ತೂತು ಇದೆಯೆನ್ನಿ: ಲಸಿಕೆ ರಾಜ್ಯದ ಗಡಿಗೆ ನಿಲ್ಲುತ್ತದೆ, ನಾಯಿ ನಿಲ್ಲುವುದಿಲ್ಲ. ಕೆಳಗಿನವರು ಎಷ್ಟು ಉಜ್ಜಿದರೂ ಮೇಲಿನವರು ನೀರು ಕಲಕಿದರೆ?

ಎಣಿಕೆಯ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಭಾರತದಲ್ಲಿ ವರ್ಷಕ್ಕೆ 18ರಿಂದ 20 ಸಾವಿರ ಜನ ರೇಬಿಸ್‌ನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಹೇಳಿಕೊಂಡು ಬಂದಿದೆ. 2025ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಅಂದಾಜು 5,726. ಸಾವು ಇಳಿದಿರುವುದು ನಿಜವಿರಬಹುದು, ಹಿಂದಿನ ಅಂದಾಜು ಒರಟಾಗಿದ್ದಿರಲೂಬಹುದು. ಒಂದು ಅಂಕಿ ಮೂರು ಪಟ್ಟು ಏರಿಳಿಯುವ ರೋಗಕ್ಕೆ ಮಂತ್ರಿಯೊಬ್ಬರು ಎಷ್ಟು ಹಣ ಎತ್ತಿಡಬೇಕು ಹೇಳಿ.

ಮುಂಬೈಯಲ್ಲಿ ಪ್ರಾಣಿಯೆಂದರೆ ಇಲಿ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗನ್ನು ಮೊದಲು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೇಗಸ್. ಮರುವರ್ಷ ಜನವರಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ತಾನು ಮಾಡಿದ ಲಸಿಕೆಯನ್ನು ತನ್ನ ಮೈಗೇ ಚುಚ್ಚಿಕೊಂಡರು. ಇಲಿಯ ಚಿಗಟದಿಂದ ಪ್ಲೇಗು ಬರುತ್ತದೆಂದು ಸಾಬೀತಾಗುವ ಮುಂಚೆ ಅಧಿಕಾರಿಗಳು ಮನೆಗಳಿಗೆ ನುಗ್ಗಿ ಕಾರ್ಬಾಲಿಕ್ ಸುರಿದರು, ಸಾಮಾನು ಸುಟ್ಟರು. ಇಲಿಗಳು ಪಕ್ಕದ ಮನೆಗೆ ಹೋದವು. ಅದೇ ಹೊತ್ತಿಗೆ ನಮ್ಮ ಧಾರವಾಡ ಸೀಮೆಯಲ್ಲಿ ‘ಇಲಿ ಬಿತ್ತು’ ಅಂದರೆ ಊರಾಚೆ ಗುಡಿಸಲು ಹಾಕಬೇಕೆಂಬುದು ಅಕ್ಷರ ಬಾರದವರಿಗೂ ಗೊತ್ತಿತ್ತು.

ಈಗ ಮುಂಬೈಯ ಇಲಿ ತರುವುದು ಲೆಪ್ಟೊಸ್ಪೈರೋಸಿಸ್. 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಅದು ಎದ್ದ ರಭಸ ಮುಂಬೈಯವರು ಮರೆತಿಲ್ಲ. ಇಲಿ, ನಾಯಿ, ತಬೇಲಾದ ಎಮ್ಮೆಗಳ ಮೂತ್ರ ನೆರೆಯ ನೀರಲ್ಲಿ ಸೇರಿ, ಕಾಲಿನ ಗಾಯದಿಂದ ಮೈಗಿಳಿಯುತ್ತದೆ. ನೀರಿನಲ್ಲಿ ನಡೆದವರು ಮೂರು ದಿನದೊಳಗೆ ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ ಎಂದು ಪಾಲಿಕೆ ಮಳೆಗಾಲದಲ್ಲಿ ಸಾರುತ್ತದೆ. ಮಾಟುಂಗದಲ್ಲಿ ಒಂದು ಜುಲೈ, ಹೋಟೆಲಿನ ಹಿಂಬದಿಯಲ್ಲಿ ಮೊಣಕಾಲು ನೀರಲ್ಲಿ ಹಾಲಿನ ಕ್ಯಾನು ಸಾಗಿಸುತ್ತಿದ್ದ ಕುಂದಾಪುರದ ಹುಡುಗನೊಬ್ಬನಿಗೆ, ಲೆಪ್ಟೊ ಮಾತ್ರೆ ತಗೊಂಡೆಯಾ ಎಂದೆ. “ಅದೆಲ್ಲ ಗೊತ್ತಿಲ್ಲೆ ಸರ್.” ಇಲಿ ಜ್ವರ ಗೊತ್ತಾ ಅಂದೆ. ಕ್ಯಾನು ಕೆಳಗಿಟ್ಟ. ಅವನ ಚಿಕ್ಕಪ್ಪ ಗದ್ದೆ ನಾಟಿಯ ನಂತರ ಅದರಲ್ಲೇ ಹೋಗಿದ್ದ. ಮಹಾನಗರದ ಎಚ್ಚರಿಕೆ ಮೂರು ಭಾಷೆಯಲ್ಲಿ ಮೊಳಗುತ್ತಿತ್ತು, ಅವನಿಗೆ ಬೇಕಾದ ಎರಡು ಶಬ್ದ ಅದರಲ್ಲಿರಲಿಲ್ಲ.

ಪುಣೆಯಲ್ಲಿ 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಗಿಯಾನ್ ಬಾರೆ ಕಾಯಿಲೆ ಎದ್ದು 200ಕ್ಕೂ ಹೆಚ್ಚು ಜನರ ಕೈಕಾಲಿನ ಶಕ್ತಿ ಕುಂದಿತು. ರೋಗಿಗಳ ಮಾದರಿಗಳಲ್ಲಿ ಸಿಕ್ಕದ್ದರಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಂದು. ಕೋಳಿಯ ಹೊಟ್ಟೆಯಲ್ಲಿ ಅದು ಸಾಮಾನ್ಯ, ಕೋಳಿಗೆ ಅದರಿಂದ ತೊಂದರೆಯಿಲ್ಲ. ನೀರೋ, ಕೋಳಿಯೋ ಎಂದು ವಾರಗಟ್ಟಲೆ ಚರ್ಚೆ. ನಮ್ಮ ಬೀದಿಯ ಚಿಕನ್ ಅಂಗಡಿಯವನು ದಿನವಿಡೀ ನೊಣ ಹೊಡೆದ. ಕೋಳಿಗೆ ತೊಂದರೆ ಕೊಡದ ರೋಗಾಣುವಿಗೆ ಪಶು ಇಲಾಖೆ ತಲೆ ಕೆಡಿಸಿಕೊಳ್ಳಬೇಕಾದ ಕಾರಣವಿಲ್ಲ, ಮನುಷ್ಯ ಬೀಳುವವರೆಗೆ ಆರೋಗ್ಯ ಇಲಾಖೆ ಕೋಳಿಫಾರಂಗೆ ಕಾಲಿಡುವುದಿಲ್ಲ. ಲೆಕ್ಕಪತ್ರದ ಈ ಸಂದು ದನಗಳಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲಾ ರೋಗಕ್ಕೂ ಅನ್ವಯ. ಹಸು ಕಂದು ಹಾಕುತ್ತದೆ, ಕೈ ಹಾಕಿ ಸತ್ತ ಕರು ತೆಗೆದ ಪಶುವೈದ್ಯ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರದಲ್ಲಿ ನರಳುತ್ತಾನೆ. ನನ್ನ ಸಹಪಾಠಿಯೊಬ್ಬನಿಗೆ ಐದು ತಿಂಗಳು ಟೈಫಾಯ್ಡಿನ ಔಷಧ ನಡೆಯಿತು. ನೀನು ಏನು ಕೆಲಸ ಮಾಡುತ್ತೀ ಎಂದು ಯಾರೂ ಕೇಳಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲಾ ಎರಡಕ್ಕೂ ಸೇರಿ 12,652 ಕೋಟಿ ರೂಪಾಯಿಯ ಲಸಿಕಾ ಕಾರ್ಯಕ್ರಮ ತಂದದ್ದು ಒಳ್ಳೆಯದೇ ಆಯಿತು. ಮನುಷ್ಯನ ಜ್ವರ ತಪ್ಪಿಸಲು ಕರುವಿಗೆ ಚುಚ್ಚುವ ಹಣ ಒಂದೇ ಚೀಲದಿಂದ ಬಂದದ್ದು ಅಪರೂಪ.

ಇಂದಿನ ಎಳೆಯ ಪಶುವೈದ್ಯರು ಈ ಕೆಲಸಕ್ಕೆ ಹೇಗೆ ಬರಬೇಕು ಎಂದು ಕೇಳುತ್ತಾರೆ. ಪರೇಲಿನ ಮುಂಬೈ ಪಶುವೈದ್ಯ ಕಾಲೇಜು 1886ರಿಂದ ಇದೆ, ಪಶುವೈದ್ಯಕೀಯ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಕೊಡುತ್ತದೆ. ಚೆನ್ನೈಯಲ್ಲಿ, ದಿಲ್ಲಿಯಲ್ಲಿ ರೋಗ ಪತ್ತೆಯ ತರಬೇತಿಗಳಿವೆ. ಅವೆಲ್ಲ ಸರಿ. ಜೊತೆಗೆ ನಾನು ಹೇಳುವುದು, ಉಣುಗಿಗೆ ಸೀಮೆಗೊಂದು ಹೆಸರು ಕಲಿತಿರಿ, ಗೇರಿನ ಸುಗ್ಗಿ ಯಾವಾಗ, ಟೆಂಪೋ ಎಲ್ಲಿಂದ ಹೊರಡುತ್ತದೆ, ಮೇಸ್ತ್ರಿ ಯಾರು, ತಿಳಿದಿರಿ. ಇಂಥದ್ದಕ್ಕೆ ಅಂಕಪಟ್ಟಿ ಇಲ್ಲ, ಹುದ್ದೆಯೂ ಇಲ್ಲ. ಎರಡು ರಾಜ್ಯಗಳ ನಡುವೆ ಸುಗ್ಗಿಯ ಮೂರು ತಿಂಗಳು ಮೇಸ್ತ್ರಿಗಳ ಪಟ್ಟಿ ಹಿಡಿದು ಓಡಾಡುವ ಒಬ್ಬ ಕನ್ನಡ, ಕೊಂಕಣಿ, ಮರಾಠಿ ಬಲ್ಲ ಮನುಷ್ಯನ ಸಂಬಳ ಒಂದು ವಿಚಾರ ಸಂಕಿರಣದ ಊಟದ ಬಿಲ್ಲಿಗಿಂತ ಹೆಚ್ಚಾಗುವುದಿಲ್ಲ. ಇದನ್ನು ನಾನು ಒಂದು ವಿಚಾರ ಸಂಕಿರಣದಲ್ಲೇ ಹೇಳಿದ್ದೆ. ಚಪ್ಪಾಳೆ ಬಿತ್ತು, ಆಮೇಲೆ ಊಟಕ್ಕೆ ಎದ್ದರು.

ಆ ಮಾರ್ಚಿನ ಕೊನೆಗೆ ವಾಳಪೈಯಿಂದ ಬೆಳಗಾವಿ ಮೇಲೆ ಪುಣೆಗೆ ಹೊರಟೆ. ಚೋರ್ಲಾ ಏರಿ ಕರ್ನಾಟಕದ ನಾಕೆಗೆ ಬಂದಾಗ ಸಂಜೆ ಆರು. ಮುಂದೆ ಕೂಲಿಕಾರರ ಟೆಂಪೋ ನಿಂತಿತ್ತು, ಅದರ ಹಿಂದೆ ನಮ್ಮ ಜೀಪು. ಗೋವಾದಿಂದ ಬರುವ ಬಾಟಲಿ ಹುಡುಕುವವರು ಟೆಂಪೋದ ಗಂಟುಗಳನ್ನು ಒಂದೊಂದೇ ಬಿಚ್ಚಿಸಿದರು. ಒಬ್ಬಾಕೆ ಸೆರಗು ಹೊದ್ದು, ಮೊಣಕಾಲಿಗೆ ಹಣೆ ಹಚ್ಚಿ ಮೂಲೆಯಲ್ಲಿ ಕೂತಿದ್ದಳು. ಅವಳ ಗಂಟನ್ನೂ ಬಿಚ್ಚಿ ನೋಡಿ ಬಿಟ್ಟರು. ಆಮೇಲೆ ನಮ್ಮ ಪಾಳಿ. ಪೇದೆ ನನ್ನ ಪೆಟ್ಟಿಗೆ ತೆರೆಸಿದ. ಸಾಲಾಗಿ ನಲವತ್ತು ಪುಟ್ಟ ಸೀಸೆ.

“ಇದೇನ್ರೀ, ಎಣ್ಣೀನಾ?”

“ಆಲ್ಕೋಹಾಲೇ. ನೂರಕ್ಕ ಎಪ್ಪತ್ತ.”

ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ತಳದಲ್ಲಿ ಏಳೆಂಟು ಕಂದು ಚುಕ್ಕೆಗಳು ಮಲಗಿದ್ದವು.

“ಉಣ್ಣಿ ಅಲ್ರೀ ಇವು?”

“ಹೌದ್ರೀ.”

ಸೀಸೆ ಪೆಟ್ಟಿಗೆಗೆ ಹಾಕಿ ಕೈ ಒರೆಸಿಕೊಂಡ. “ಹೋಗ್ರಿ, ಹೋಗ್ರಿ.” ಟೆಂಪೋ ಆಗಲೇ ಕಣಕುಂಬಿಯ ತಿರುವು ದಾಟಿತ್ತು.